ಹುಲಿಯನ ಹೊಳೆ, ಚಾರ್ಲಿಯ ಹಿಮ, ನಮ್ಮ ನಾಯಿಗಳ ಈಜುಕೊಳ

ಏಪ್ರಿಲ್ ಬಂತೆಂದರೆ ಚಂದ್ರಾ ಲೇಔಟಿನ ಸಾಕುನಾಯಿಗಳು ಮನೆಯಲ್ಲಿ ತಂಪಾದ ಜಾಗ ಯಾವುದೆಂದು ಮನೆಯವರಿಗಿಂತ ಮೊದಲೇ ಕಂಡುಕೊಂಡಿರುತ್ತವೆ. ಬಚ್ಚಲಮನೆಯ ಹೊಸ್ತಿಲು, ಮೆಟ್ಟಿಲ ಕೆಳಗಿನ ಮೊಸಾಯಿಕ್ ನೆಲ, ಸಂಪಿನ ಮುಚ್ಚಳದ ಪಕ್ಕದ ಒದ್ದೆ ಸಿಮೆಂಟು. ಹೊಟ್ಟೆಯನ್ನು ನೆಲಕ್ಕೆ ಅಂಟಿಸಿ, ಹಿಂಗಾಲುಗಳನ್ನು ಕಪ್ಪೆಯ ಹಾಗೆ ಚಾಚಿ ಮಲಗಿದವು ಸಂಜೆಯವರೆಗೆ ಏಳುವುದಿಲ್ಲ. ಮನೆಯವರು ಮಜ್ಜಿಗೆ ಕುಡಿಸುತ್ತಾರೆ, ಒದ್ದೆ ಟವೆಲು ಹೊದಿಸುತ್ತಾರೆ, ಫ್ಯಾನು ಹಾಕುತ್ತಾರೆ. ಭಾನುವಾರ ಬಂದರೆ ಕೆಲವರು ಕಾರಿನ ಹಿಂದಿನ ಸೀಟಿಗೆ ಹಳೆಯ ಬೆಡ್‌ಶೀಟು ಹಾಸಿ, ನಾಯಿಯನ್ನು ಹತ್ತಿಸಿಕೊಂಡು ಈಜಿಸಲು ಹೊರಡುತ್ತಾರೆ. ಊರಿನ ಅಂಚಿನಲ್ಲಿ ಗಂಟೆಗಿಷ್ಟು ಎಂದು ದುಡ್ಡು ಪಡೆದು ನಾಯಿಗಳನ್ನು ನೀರಿಗೆ ಬಿಡುವ ಕೊಳಗಳು ಈಗ ಇವೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿಂದ ಬಂದ ವಿಡಿಯೋ ನಮ್ಮ ನಿಮ್ಮ ಫೋನುಗಳಲ್ಲಿ ಇರುತ್ತದೆ.

ನೀವೂ ಅಂಥ ಹತ್ತಾರು ವಿಡಿಯೋ ನೋಡಿರುತ್ತೀರಿ. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟ ನಾಯಿ ಕೊಳದ ಅಂಚಿನಲ್ಲಿ ನಿಂತು ಹಿಂದೆ ಮುಂದೆ ನೋಡುತ್ತದೆ. ನೀರಿನೊಳಗೆ ನಿಂತ ಒಡೆಯ ಕೈಚಾಚಿ ‘ಬಾ ಮಗಾ, ಬಾ ಚಿನ್ನಾ’ ಎಂದು ಕರೆಯುತ್ತಾನೆ. ನಾಯಿ ಹಾರುತ್ತದೆ. ಅಲ್ಲಿಂದಾಚೆ ಚಿತ್ರ ನಿಧಾನವಾಗುತ್ತದೆ, ಹಾಡು ಶುರುವಾಗುತ್ತದೆ. ಕೆಳಗೆ ‘ನಮ್ಮ ಪಾಪುವಿನ ಖುಷಿ ನೋಡಿ’ ಎಂಬ ಒಕ್ಕಣೆ ಬರುತ್ತದೆ. ಈ ನೋಟಕ್ಕೆ ಈಗ ಒಂದು ಸಿದ್ಧ ರೂಪ, ಸಿದ್ಧ ಭಾವ, ಸಿದ್ಧ ಮುಕ್ತಾಯ ಎಲ್ಲವೂ ಬಂದಿರುವುದರಿಂದ ಇದನ್ನೊಂದು ಜನಪ್ರಿಯ ಪ್ರಕಾರವೆಂದೇ ತಿಳಿದು ಓದಬಹುದು. ಪ್ರಕಾರವೊಂದಿದ್ದ ಮೇಲೆ ಅದಕ್ಕೆ ವಿಮರ್ಶೆಯೂ ಬೇಕು. ಕನ್ನಡದಲ್ಲಿ ಈ ವಿಮರ್ಶೆಗೆ ಬೇಕಾದ ಅಳತೆಗೋಲುಗಳು ಹೊಸದಾಗಿ ಹುಟ್ಟಬೇಕಿಲ್ಲ. ನಾಯಿಯ ಬಗ್ಗೆ ಕನ್ನಡ ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಬರೆಯುತ್ತಲೇ ಬಂದಿದೆ.

ನಾನು ಈ ವಿಡಿಯೋಗಳ ಮುಂದೆ ಇಡಬೇಕೆಂದಿರುವ ಪ್ರಶ್ನೆ ಒಂದೇ. ನಾಯಿ ಹಾರಿದ್ದು ನೀರಿಗಾಗಿಯೋ, ನೀರಿನಲ್ಲಿ ನಿಂತವನಿಗಾಗಿಯೋ? ಮೇಲುನೋಟಕ್ಕೆ ಎರಡೂ ಒಂದೇ ಹಾರಿಕೆ. ಆದರೆ ಒಂದು ಆಟ, ಇನ್ನೊಂದು ವಿಧೇಯತೆ. ಈ ಎರಡನ್ನು ಬೇರೆ ಮಾಡಿ ನೋಡಲು ಬಾರದ ಬರಹವಾಗಲಿ ಚಿತ್ರವಾಗಲಿ ನಾಯಿಯ ಬಗ್ಗೆ ಹೇಳುತ್ತಿಲ್ಲ, ಒಡೆಯನ ಬಗ್ಗೆ ಹೇಳುತ್ತಿದೆ ಎಂಬುದು ನನ್ನ ಅನಿಸಿಕೆ.

ಕನ್ನಡದ ಹಳೆಯ ನಾಯಿಯಿಂದಲೇ ಶುರುಮಾಡೋಣ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕ ಹತ್ತನೆಯ ಶತಮಾನದ ಶಾಸನ ಇತಿಹಾಸ ಓದಿದವರಿಗೆಲ್ಲ ಗೊತ್ತು. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸುದ್ದಿ ಅದರಲ್ಲಿದೆ. ಆ ಯುದ್ಧದಲ್ಲಿ ಹೆಸರು ಮಾಡಿದ ಮಣಲೆರನೆಂಬ ವೀರನಿಗೆ ಬೇಕಾದ್ದನ್ನು ಕೇಳಿಕೋ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಗಾಗಿ ಕಲ್ಲು ನಿಂತಿತು, ಆ ಕಲ್ಲಿನ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಹಂದಿಯ ಮೇಲೆರಗಿದ ನಾಯಿಯ ಕೆತ್ತನೆಯಿರುವ ಆ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದರೆ ಅರ್ಧ ಗಂಟೆಯೊಳಗೆ ಅದರ ಹತ್ತಿರ ಇಳಿಯಬಹುದು.

ಆತಕೂರಿನ ಬರಹಗಾರನಲ್ಲಿ ನನಗೆ ಹಿಡಿಸುವುದು ಅವನ ಸಂಯಮ. ಕಾಳಿ ಯಾರ ಪ್ರತಿಬಿಂಬವೂ ಅಲ್ಲ. ಅದಕ್ಕೆ ತನ್ನದೇ ಹೆಸರಿದೆ, ತನ್ನದೇ ಎದುರಾಳಿಯಿದೆ, ತನ್ನದೇ ಸಾವಿದೆ. ಮಣಲೆರನ ಶೌರ್ಯವನ್ನು ಹೊಗಳಲು ನಾಯಿಯನ್ನು ಬಳಸಿಕೊಂಡಂತೆ ಕಾಣುವುದಿಲ್ಲ. ಆದರೆ ಈ ಶಾಸನದೊಂದಿಗೇ ಒಂದು ಪರಂಪರೆಯೂ ಶುರುವಾಯಿತು ಅನ್ನಬೇಕು. ನಾಯಿ ನೆನಪಿಗೆ ಅರ್ಹವಾಗಬೇಕಾದರೆ ಕೆಲಸ ಮಾಡಬೇಕು, ಕಾಯಬೇಕು, ಬೇಟೆಯಾಡಬೇಕು, ಕೊನೆಗೆ ಪ್ರಾಣ ಕೊಡಬೇಕು. ಸುಮ್ಮನೆ ನೀರಾಡಿದ ನಾಯಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ನೀರಿಗಿಳಿದ ನಾಯಿಯೆಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗಬೇಕಾದದ್ದು ಹುಲಿಯ. 1967ರಲ್ಲಿ ಬಂದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿಯ ನಾಯಿ ಅದು. ಊರವರು ಗುತ್ತಿಯನ್ನು ನಾಯಿಗುತ್ತಿ ಎಂದೇ ಕರೆಯುತ್ತಾರೆ. ಸಾಮಾನ್ಯವಾಗಿ ನಾಯಿಗೆ ಯಜಮಾನನಿಂದ ಗುರುತು ಸಿಗುತ್ತದೆ. ಇಲ್ಲಿ ಯಜಮಾನನಿಗೇ ನಾಯಿಯಿಂದ ಹೆಸರು ಬಂದಿದೆ. ಗುತ್ತಿ ಹೊಲೆಯರವನು, ಸಿಂಬಾವಿ ಹೆಗ್ಗಡೆಯವರ ಜೀತದಾಳು. ಒಡೆಯರ ಮನೆಯ ಜಗಲಿ ಹತ್ತುವ ಹಕ್ಕು ಅವನಿಗಿಲ್ಲ. ಅವನು ತನ್ನದೆಂದು ಹೇಳಿಕೊಳ್ಳಬಹುದಾದ ಕೆಲವೇ ಸಂಗತಿಗಳಲ್ಲಿ ಆ ನಾಯಿ ಒಂದು. ಕಾದಂಬರಿಯ ಆರಂಭದಲ್ಲೇ ಅವನ ಜೊತೆ ಮಲೆನಾಡಿನ ಕಾಡುದಾರಿಯಲ್ಲಿ ನಡೆದುಬರುವ ಹುಲಿಯ, ಕೊನೆಯ ಭಾಗದಲ್ಲಿ ಮಳೆಗಾಲದ ತುಂಗೆಯಲ್ಲಿ ಕೊಚ್ಚಿಹೋಗುತ್ತದೆ. ಒಡೆಯ ದೋಣಿಯಲ್ಲಿದ್ದಾನೆ, ಹೊಳೆ ತುಂಬಿ ಹರಿಯುತ್ತಿದೆ, ನಾಯಿ ನೀರಿನಲ್ಲಿದೆ.

ಆ ಭಾಗವನ್ನು ಓದಿದವರು ಮರೆಯುವುದಿಲ್ಲ. ಸ್ವಾಮಿನಿಷ್ಠೆಗೆ ಉದಾಹರಣೆಯೆಂದು ಅದನ್ನು ವಿವರಿಸುವವರಿದ್ದಾರೆ. ನನಗೆ ಆ ಓದು ಸಾಲದು ಅನಿಸುತ್ತದೆ. ನಿಷ್ಠೆ ಎಂದು ಹೇಳಿದ ಕೂಡಲೇ ನಾವು ದೋಣಿಯಲ್ಲಿರುವವರ ಕಡೆಯಿಂದ ನೋಡತೊಡಗುತ್ತೇವೆ. ನಮ್ಮ ಹಿಂದೆ ಬಂದ ಪ್ರಾಣಿಯನ್ನು ಮೆಚ್ಚಿಕೊಳ್ಳುತ್ತೇವೆ. ಕಾದಂಬರಿ ನಮ್ಮನ್ನು ನೀರಿನಲ್ಲಿ ಇಳಿಸಿ, ಅಲ್ಲಿಂದ ದೋಣಿಯನ್ನು ನೋಡುವಂತೆ ಮಾಡುತ್ತದೆ. ಅಲ್ಲಿಂದ ಕಂಡರೆ ಅದು ಭಕ್ತಿಯಲ್ಲ, ಬೇರೆ ದಾರಿಯೇ ಇಲ್ಲದ ಸ್ಥಿತಿ. ಹುಲಿಯನಿಗೆ ಲೋಕವೆಂದರೆ ಗುತ್ತಿ. ಲೋಕ ದೋಣಿ ಹತ್ತಿ ಹೊರಟರೆ ನಾಯಿ ದಡದಲ್ಲಿ ನಿಂತು ಏನು ಮಾಡೀತು? ಜಗತ್ತಿನಲ್ಲಿ ಯಾವ ಜೀವವೂ ಕ್ಷುಲ್ಲಕವಲ್ಲ ಎಂಬ ಅರ್ಥದ ಒಕ್ಕಣೆಯೊಂದಿಗೆ ತೆರೆದುಕೊಳ್ಳುವ ಕಾದಂಬರಿ, ಆ ಮಾತಿನ ಬೆಲೆಯೇನೆಂದು ಓದುಗನಿಗೆ ತೋರಿಸುವುದು ಈ ಹೊಳೆಯಲ್ಲಿ.

ಹುಲಿಯನನ್ನು ನೆನೆದ ಮೇಲೆ ನಮ್ಮ ಈಜುಕೊಳದ ವಿಡಿಯೋವನ್ನು ಮತ್ತೆ ನೋಡಿ. ಅಂಚಿನಲ್ಲಿ ನಿಂತ ನಾಯಿ ಬಾಲವನ್ನು ಕಾಲಸಂದಿಗೆ ಸೇರಿಸಿಕೊಂಡಿದೆ. ಕಿವಿಗಳು ಹಿಂದಕ್ಕೆ ಮಡಿದಿವೆ. ತುಟಿ ನೆಕ್ಕಿಕೊಳ್ಳುತ್ತದೆ, ಮುಖ ತಿರುಗಿಸುತ್ತದೆ, ಕಣ್ಣಿನ ಬಿಳಿ ಕಾಣಿಸುತ್ತದೆ. ನಾಯಿ ಸಾಕಿದವರಿಗೆ ಇವು ಹೆದರಿಕೆಯ ಗುರುತುಗಳೆಂದು ಗೊತ್ತಿರಬೇಕು. ನೀರಿನಿಂದ ಒಡೆಯ ಮತ್ತೆ ಮತ್ತೆ ಕರೆಯುತ್ತಾನೆ. ಕೊನೆಗೆ ನಾಯಿ ಹಾರುವುದು ಹುಲಿಯನ ಕಾರಣಕ್ಕೇ. ಅದಕ್ಕೆ ನೀರು ಬೇಡ, ನೀವು ಬೇಕು. ಹೊಳೆಯ ಬದಲು ನಾಲ್ಕಡಿ ಆಳದ ಕೊಳ, ನೆರೆಯ ಬದಲು ಲೈಫ್ ಜಾಕೆಟ್ ಇರುವುದರಿಂದ ಸಾವು ಸಂಭವಿಸುವುದಿಲ್ಲ, ಸದ್ಯ. ಆದರೆ ಅದರ ಮೇಲೆ ‘ಖುಷಿ’ ಎಂದು ಬರೆಯುವುದು ತಪ್ಪು ಓದು. ಒಂದು ಪ್ರಾಣಿಯ ಅಸಹಾಯಕತೆಯನ್ನು ಅದರ ಆನಂದವೆಂದು ಓದಿ, ಆ ಆನಂದಕ್ಕೆ ನಾವೇ ಕಾರಣರೆಂದು ಹಿಗ್ಗುವ ಓದು.

ಎಲ್ಲ ನಾಯಿಗಳೂ ಹೀಗಲ್ಲ, ನಿಜ. ಲ್ಯಾಬ್ರಡಾರ್ ನೀರಿನ ಕೆಲಸಕ್ಕೆಂದೇ ಬೆಳೆಸಿದ ತಳಿ. ಅದರ ಪೂರ್ವಜರು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಕರಾವಳಿಯಲ್ಲಿ ಮೀನುಗಾರರ ಜೊತೆ ದುಡಿದ ನಾಯಿಗಳು. ನೀರು ಒಳಹೋಗಲು ಬಿಡದ ದಟ್ಟ ತುಪ್ಪಳ, ಚುಕ್ಕಾಣಿಯಂಥ ದಪ್ಪ ಬಾಲ, ಬೆರಳುಗಳ ನಡುವೆ ಚರ್ಮದ ಪದರ ಅದಕ್ಕಿವೆ. ಅದನ್ನು ಕೊಳದ ಹತ್ತಿರ ಬಿಟ್ಟರೆ ಯಾರೂ ಕರೆಯಬೇಕಾಗಿಲ್ಲ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ಕತೆ ಬೇರೆ. ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದು ರೂಪುಗೊಂಡ ಮೈ ಅದರದು. ಕೊಬ್ಬು ಕಡಿಮೆ, ಎದೆ ಆಳ, ಕಾಲು ಸಪೂರ. ನೀರು ಕಂಡರೆ ಅದು ಹಿಂಜರಿದರೆ ಅಚ್ಚರಿಯಿಲ್ಲ. ಇನ್ನು 2003ರ ಹೊತ್ತಿಗೆ ಮೊಬೈಲ್ ಕಂಪನಿಯ ಜಾಹೀರಾತಿನಿಂದ ಮನೆಮಾತಾದ ಪಗ್. ಮೊಂಡು ಮೂಗಿನ ಆ ನಾಯಿಗೆ ಒಣನೆಲದ ಮೇಲೇ ಉಸಿರಾಟ ಕಷ್ಟ. ನೀರಿನಲ್ಲಿ ಮೂಗು ಮೇಲಿಡಲು ತಲೆಯೆತ್ತಿದರೆ ಹಿಂಭಾಗ ಮುಳುಗುತ್ತದೆ. ನಾಯಿಗೆ ಈಜು ಹುಟ್ಟಿನಿಂದಲೇ ಬರುತ್ತದೆ ಎಂಬ ನಂಬಿಕೆ ಎಷ್ಟು ಅರ್ಧಸತ್ಯವೆಂದು ತಿಳಿಯಲು ಈ ಮೂರು ನಾಯಿಗಳನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಸಾಕು.

ಬಿಸಿಲಿನ ತೊಂದರೆ ಮಾತ್ರ ಮೂರಕ್ಕೂ ಒಂದೇ. ನಾಯಿಯ ಮೈ ನಮ್ಮ ಹಾಗೆ ಬೆವರುವುದಿಲ್ಲ. ಬೆವರು ಗ್ರಂಥಿಗಳಿರುವುದು ಹೆಚ್ಚಾಗಿ ಪಾದದ ಅಡಿಯಲ್ಲಿ. ನಾಲಿಗೆ ಚಾಚಿ ತೇಕುವುದೇ ಅದರ ಕೂಲರು. ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್ ಅದರ ಸಹಜ ಮೈಬಿಸಿ. ಅದು 41 ದಾಟಿದರೆ ಜೀವಕ್ಕೇ ಅಪಾಯ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ತಾಪಮಾನ 39.2 ಡಿಗ್ರಿಗೆ ಏರಿತ್ತು. 2024ರ ಏಪ್ರಿಲ್ ಕೊನೆಯಲ್ಲಿ 38.5 ಮುಟ್ಟಿತು. ಹೊರಗಿನ ಗಾಳಿ ಮೈಯಷ್ಟೇ ಬಿಸಿಯಾದಾಗ ತೇಕುವುದೊಂದೇ ಸಾಲದೆ ಹೋಗಬಹುದು. ಹಾಗಾಗಿ ನಾಯಿಯನ್ನು ನೀರಿಗೆ ಕರೆದೊಯ್ಯುವವರನ್ನು ಶೋಕಿಯವರೆಂದು ತಳ್ಳಿಹಾಕುವ ಹಿರಿಯರ ಜೊತೆಗೂ ನಾನಿಲ್ಲ. ‘ನಮ್ಮ ಕಾಲದಲ್ಲಿ ನಾಯಿಗೆ ಇದೆಲ್ಲ ಎಲ್ಲಿತ್ತು’ ಎನ್ನುವವರ ಕಾಲದಲ್ಲಿ ನಾಯಿಗೆ ಹಿತ್ತಲಿತ್ತು, ಮರವಿತ್ತು, ಊರ ಕೆರೆಯಿತ್ತು. ಅದು ತನಗೆ ಬೇಕೆನಿಸಿದಾಗ ಹೋಗಿ ಕೆಸರಲ್ಲಿ ಹೊರಳಿ ಬರುತ್ತಿತ್ತು. ಮೂವತ್ತು ನಲವತ್ತರ ಸೈಟಿನಲ್ಲಿ ಮೂರಂತಸ್ತು ಕಟ್ಟಿ, ಅದರ ಎರಡನೆಯ ಮಹಡಿಯಲ್ಲಿ ಚೈನು ಹಾಕಿ ಸಾಕಿದ ನಾಯಿಗೆ ಆ ಆಯ್ಕೆಯಿಲ್ಲ.

ಆಯ್ಕೆಯ ಈ ಮಾತಿಗೆ ಬಂದಾಗ ತೇಜಸ್ವಿಯವರ ಕಿವಿ ನೆನಪಾಗುತ್ತದೆ. 1980ರ ‘ಕರ್ವಾಲೊ’ದಲ್ಲೂ ‘ಪರಿಸರದ ಕತೆ’ಯಲ್ಲೂ ಓಡಾಡುವ ಸ್ಪೇನಿಯಲ್ ನಾಯಿ ಅದು. ಪೊದೆಗಳಿಂದ ಹಕ್ಕಿಗಳನ್ನು ಎಬ್ಬಿಸಲು, ಹೊಡೆದ ಹಕ್ಕಿಯನ್ನು ನೀರಿನಿಂದಲೂ ತಂದುಕೊಡಲು ಬೆಳೆಸಿದ ತಳಿ. ಕನ್ನಡದಲ್ಲಿ ಸಾಯದೆಯೇ ಓದುಗರ ಮನಸ್ಸಿನಲ್ಲಿ ನಿಂತ ನಾಯಿಯೆಂಬುದು ಕಿವಿಯ ದೊಡ್ಡತನ. ತೇಜಸ್ವಿ ಅದನ್ನು ಮುದ್ದು ಮಾಡುವುದೂ ಇಲ್ಲ, ಅದರಲ್ಲಿ ತತ್ತ್ವ ಹುಡುಕುವುದೂ ಇಲ್ಲ. ಮಂದಣ್ಣನಿಗೋ ಪ್ಯಾರನಿಗೋ ಇರುವಂತೆ ನಾಯಿಗೂ ತನ್ನದೇ ಸ್ವಭಾವವಿದೆ. ಕಾಡಿಗೆ ಹೊರಟ ತಂಡದಲ್ಲಿ ಅದೂ ಒಬ್ಬ ಸದಸ್ಯ. ಈಜುಕೊಳದ ಪ್ರಕಾರಕ್ಕೆ ಒಬ್ಬ ಗುರು ಬೇಕಿದ್ದರೆ ಅದು ತೇಜಸ್ವಿಯೇ. ನಾಯಿಯನ್ನು ಮಗುವೆಂದು ಕರೆಯದೆಯೂ ಪ್ರೀತಿಸಬಹುದು ಎಂದು ಆ ಗದ್ಯ ತೋರಿಸಿಕೊಟ್ಟಿದೆ. ಮಗುವೆಂದ ಕೂಡಲೇ ನಾವು ಅದರ ಪರವಾಗಿ ಎಲ್ಲವನ್ನೂ ತೀರ್ಮಾನಿಸುತ್ತೇವೆ. ನಾಯಿ ಎಂದು ಒಪ್ಪಿಕೊಂಡರೆ ಕೊಂಚ ನಿಂತು, ಇದು ಯಾವ ಜಾತಿಯ ಪ್ರಾಣಿ, ಇದಕ್ಕೆ ಏನು ಬೇಕು ಎಂದು ನೋಡಬೇಕಾಗುತ್ತದೆ. ಸ್ಪೇನಿಯಲ್‌ನ ಜೋತುಬಿದ್ದ ಕಿವಿಯೊಳಗೆ ನೀರು ನಿಂತರೆ ಸೋಂಕಾಗುತ್ತದೆ, ಈಜಿದ ಮೇಲೆ ಕಿವಿ ಒರೆಸಿ ಒಣಗಿಸಬೇಕು. ಹೀಗೆ ನೋಡಿ ತಿಳಿದು ಮಾಡುವ ಸಣ್ಣ ಆರೈಕೆಗೆ ‘ಚಿನ್ನ’, ‘ಬಂಗಾರ’ಗಳಿಗಿಂತ ಹೆಚ್ಚು ಬೆಲೆಯಿದೆ.

ಈ ಎರಡು ಬಗೆಯ ಪ್ರೀತಿಗಳ ನಡುವೆ ಸಿಕ್ಕಿಕೊಂಡ ಕೃತಿಯೆಂದರೆ 2022ರ ಜೂನ್ 10ರಂದು ತೆರೆಕಂಡ ‘777 ಚಾರ್ಲಿ’. ಕಿರಣ್‌ರಾಜ್ ಕೆ. ನಿರ್ದೇಶಿಸಿ ರಕ್ಷಿತ್ ಶೆಟ್ಟಿ ನಟಿಸಿದ ಈ ಚಿತ್ರ ನೋಡಿ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಕಣ್ಣೀರು ಹಾಕಿದ್ದು ಸುದ್ದಿಯಾಗಿತ್ತು. ಚಿತ್ರಕ್ಕೆ ತೆರಿಗೆ ವಿನಾಯಿತಿಯೂ ಸಿಕ್ಕಿತು, ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಬಂತು. ಒಂಟಿಯಾಗಿ ಬದುಕುವ ಧರ್ಮನ ಮನೆಗೆ, ಕ್ರೂರ ತಳಿಸಾಕಣೆಯವನಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ಬಂದು ಸೇರುತ್ತದೆ. ಅದಕ್ಕೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಅದಕ್ಕೆ ಇಷ್ಟವಾದ ಹಿಮವನ್ನು ತೋರಿಸಲು ಅವನು ಬೈಕಿನ ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಉತ್ತರಕ್ಕೆ ಹೊರಡುತ್ತಾನೆ. ಧರ್ಮನೆಂಬ ಹೆಸರು, ಹಿಮಾಲಯದ ದಾರಿ, ಜೊತೆಗೊಂದು ನಾಯಿ ಎಂದರೆ ಮಹಾಭಾರತದ ಕೊನೆಯ ಪಯಣ ನೆನಪಾಗದೆ ಇರದು.

ಚಿತ್ರದ ನಿಜವಾದ ಬೆಳಕು ಇರುವುದು ಹಿಮವನ್ನು ಕಂಡ ನಾಯಿಯ ಉತ್ಸಾಹವನ್ನು ಧರ್ಮ ಗಮನಿಸುವುದರಲ್ಲಿ. ಅವನು ಮೊದಲು ನೋಡುತ್ತಾನೆ, ಆಮೇಲೆ ಹೊರಡುತ್ತಾನೆ. ಮನುಷ್ಯನ ಬಯಕೆಗೆ ನಾಯಿ ಓಡಿಬರುವ ಹಳೆಯ ಕ್ರಮ ಇಲ್ಲಿ ತಲೆಕೆಳಗಾಗಿ, ನಾಯಿಯ ಬಯಕೆಗೆ ಮನುಷ್ಯ ದೇಶ ದಾಟುತ್ತಾನೆ. ಅಷ್ಟರಮಟ್ಟಿಗೆ ಇದು ಹುಲಿಯನ ಹೊಳೆಗೆ ಕೊಟ್ಟ ಉತ್ತರ. ಸಾಕುನಾಯಿಗಳ ಮಾರಾಟದ ಹಿಂದಿರುವ ಹಿಂಸೆಯನ್ನೂ, ಹತ್ತಿರದ ರಕ್ತಸಂಬಂಧದಲ್ಲೇ ಮರಿ ಹಾಕಿಸುವುದರಿಂದ ಬರುವ ರೋಗಗಳನ್ನೂ ಚಿತ್ರ ಮುಚ್ಚಿಡುವುದಿಲ್ಲ. ಆದರೆ ದಾರಿ ಸಾಗಿದಂತೆ ಪಯಣ ಧರ್ಮನದಾಗುತ್ತದೆ. ಅವನು ಕರಗಬೇಕು, ಅವನು ಅಳಬೇಕು, ಅವನು ಮನುಷ್ಯನಾಗಬೇಕು. ಅದಕ್ಕಾಗಿ ನಾಯಿ ಹಿಮದಲ್ಲಿ ಸಾಯಬೇಕು. ಸಾವಿರ ವರ್ಷದ ಹಿಂದೆ ಕಾಳಿಗೆ ವಿಧಿಸಿದ ಷರತ್ತಿನಿಂದ ಚಾರ್ಲಿಗೂ ಬಿಡುಗಡೆಯಿಲ್ಲ. ಹಿಮದಲ್ಲಿ ಆಡಿ, ಸುಸ್ತಾಗಿ, ಮರಳಿ ಊರಿಗೆ ಬಂದು ಹಳೆಯ ಚಾಪೆಯ ಮೇಲೆ ಮಲಗಿದ ಚಾರ್ಲಿಯನ್ನು ತೋರಿಸುವ ಧೈರ್ಯ ಮಾಡಿದ್ದರೆ ಚಿತ್ರ ಅಷ್ಟು ಓಡುತ್ತಿರಲಿಲ್ಲವೇನೋ. ಆದರೆ ನಾಯಿಯೊಂದು ಸಂತೋಷಪಟ್ಟದ್ದೇ ಕತೆಯಾಗಲು ಸಾಕು ಎಂದು ನಮಗೆ ಮನವರಿಕೆಯಾಗುತ್ತಿತ್ತು.

ಈ ದೃಷ್ಟಿಯಿಂದ ನೋಡಿದರೆ ಈಜುಕೊಳದ ವಿಡಿಯೋಗಳಿಗೆ ಒಂದು ಹೆಗ್ಗಳಿಕೆ ಇದ್ದೇ ಇದೆ. ಅಲ್ಲಿ ನಾಯಿ ಯಾರನ್ನೂ ಕಾಪಾಡುತ್ತಿಲ್ಲ, ಯಾರಿಗಾಗಿಯೂ ಸಾಯುತ್ತಿಲ್ಲ. ಕನ್ನಡದ ನಾಯಿ ಮೊದಲ ಬಾರಿಗೆ ಕೆಲಸವಿಲ್ಲದೆ ಕಾಣಿಸಿಕೊಂಡಿದೆ. ಹಾಗಾಗಿಯೇ ಅವುಗಳ ಸೋಲು ನೋವುಂಟುಮಾಡುತ್ತದೆ. ಇಷ್ಟು ದೊಡ್ಡ ಅವಕಾಶ ಸಿಕ್ಕಿಯೂ ಕ್ಯಾಮೆರಾ ನಾಯಿಯ ಮುಖದಿಂದ ಒಡೆಯನ ನಗುವಿಗೆ ಹೊರಳಿಬಿಡುತ್ತದೆ.

ಇನ್ನೊಂದು ಸಂಗತಿಯನ್ನೂ ಆ ಕ್ಯಾಮೆರಾ ಬಿಟ್ಟುಬಿಡುತ್ತದೆ. ಅದು ನೀರು. ಹುಲಿಯನನ್ನು ಸೆಳೆದುಕೊಂಡ ನೀರಿಗೆ ತುಂಗೆ ಎಂಬ ಹೆಸರಿತ್ತು. ನೀಲಿ ಟೈಲ್ಸಿನ ಕೊಳದ ನೀರಿಗೆ ಊರೂ ಇಲ್ಲ ಹೆಸರೂ ಇಲ್ಲ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ನಾವು ಚಂದ್ರಾ ಲೇಔಟಿಗೇ ವಾಪಸು ಬರಬೇಕಾಗುತ್ತದೆ. ನಮ್ಮ ಬಡಾವಣೆಗೆ ಹತ್ತಿರದಲ್ಲಿ ಒಂದು ನದಿಯೇ ಇದೆ. ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿತೆಂದು ಹೇಳುವ ವೃಷಭಾವತಿ ಗಾಳಿ ಆಂಜನೇಯನ ಗುಡಿಯ ಪಕ್ಕ ಹಾದು, ನಾಯಂಡಹಳ್ಳಿ, ಕೆಂಗೇರಿ ದಾಟಿ, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ಅದನ್ನು ನಾವು ಕರೆಯುವುದು ಮೋರಿ ಎಂದು. ಮೈಸೂರು ರಸ್ತೆಯಲ್ಲಿ ಬಸ್ಸಿನ ಕಿಟಕಿ ಮುಚ್ಚಿಸುವ ಆ ನದಿಗೆ ನಾಯಿಯನ್ನು ಇಳಿಸುವ ಯೋಚನೆಯೂ ಯಾರಿಗೂ ಬರುವುದಿಲ್ಲ. ಪಕ್ಕದ ನಾಗರಭಾವಿಯ ಹೆಸರಲ್ಲೇ ಒಂದು ಬಾವಿ ಇದೆ, ಈಗ ಹೆಸರಲ್ಲಿ ಮಾತ್ರ. ಮೆಜೆಸ್ಟಿಕ್ ಬಸ್ ನಿಲ್ದಾಣದ ಜಾಗದಲ್ಲಿ ಧರ್ಮಾಂಬುಧಿ ಕೆರೆಯಿತ್ತು, ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆಯಿತ್ತು. ಉಳಿದ ಕೆರೆಗಳಲ್ಲಿ ಹಲವಕ್ಕೆ ಬೇಲಿ, ವಾಕಿಂಗ್ ಪಾತು, ಎಚ್ಚರಿಕೆಯ ಬೋರ್ಡು. ನೀರು ಚೊಕ್ಕಟವಾಗಿಲ್ಲದ ಕಡೆ ನಾಯಿಗೆ ಇಲಿಜ್ವರದ ಭಯ, ಹಸಿರು ಪಾಚಿಯ ವಿಷದ ಭಯ. ಮಾಗಡಿ ರಸ್ತೆಯಾಚೆಯ ಮಂಚನಬೆಲೆ ಜಲಾಶಯಕ್ಕೆ ಹೋಗೋಣವೆಂದರೆ ಅಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡ ಮನುಷ್ಯರ ಸುದ್ದಿಗಳೇ ಕಣ್ಣಮುಂದೆ ಬರುತ್ತವೆ.

ಹೀಗೆ ಇದ್ದ ನೀರನ್ನೆಲ್ಲ ಕೆಡಿಸಿಕೊಂಡ ಊರು ಟ್ಯಾಂಕರಿನಲ್ಲಿ ನೀರು ತರಿಸಿ ಕೊಳ ತುಂಬಿಸುತ್ತದೆ. 2024ರ ಮಾರ್ಚಿನಲ್ಲಿ ಕೊಳವೆಬಾವಿಗಳು ಬತ್ತಿ ಜನ ಬಿಂದಿಗೆ ಹಿಡಿದು ಸಾಲು ನಿಂತಾಗ, ಕುಡಿಯುವ ನೀರನ್ನು ಈಜುಕೊಳಗಳಿಗೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ಆ ಬೇಸಿಗೆಯಲ್ಲಿ ನಾಯಿಯನ್ನು ಈಜಿಸುವುದು ಸರಿಯೇ ತಪ್ಪೇ ಎಂದು ತೀರ್ಪು ಕೊಡುವುದು ಸುಲಭ. ಆ ನಾಯಿ ನೀರಿಗಾಗಿ ಊರಾಚೆ ಮೂವತ್ತು ಕಿಲೋಮೀಟರ್ ಹೋಗಬೇಕಾಗಿ ಬಂದದ್ದು ಹೇಗೆ ಎಂದು ಬರೆಯುವುದು ಕಷ್ಟ. ನಮಗೆ ಬೇಕಾದದ್ದು ಎರಡನೆಯದು.

ನೀರು, ನಾಯಿ ಎಂದಾಗ ಈ ದೇಶದಲ್ಲಿ ಮೂರನೆಯ ಪ್ರಶ್ನೆಯೊಂದು ಬಾರದೆ ಇರುವುದಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಅವರು ಮಹಾಡ್‌ನ ಚವದಾರ್ ಕೆರೆಯ ನೀರನ್ನು ಮುಟ್ಟಿ ಕುಡಿದರು. ದನ, ನಾಯಿಗಳು ಬಾಯಿಟ್ಟರೆ ಮೈಲಿಗೆಯಾಗದ ಕೆರೆ ಮನುಷ್ಯರು ಮುಟ್ಟಿದರೆ ಮೈಲಿಗೆಯಾಗುತ್ತಿತ್ತು ಎಂಬುದನ್ನು ಆ ಹೋರಾಟ ಎತ್ತಿ ತೋರಿಸಿತು. ನಾಯಿಯ ಮೇಲಿನ ಪ್ರೀತಿಯನ್ನು ಹೀಯಾಳಿಸಲು ಇದನ್ನು ಹೇಳುತ್ತಿಲ್ಲ. ಗುತ್ತಿಗೆ ಹುಲಿಯನ ಮೇಲಿದ್ದ ಪ್ರೀತಿ ನಮಗೆ ಯಾರಿಗಾದರೂ ನಮ್ಮ ನಾಯಿಯ ಮೇಲಿರುವುದಕ್ಕಿಂತ ಕಡಿಮೆಯದಲ್ಲ. ಆದರೆ ಯಾರ ನಾಯಿ ಯಾವ ನೀರಿಗೆ ಇಳಿಯಬಹುದು ಎಂಬುದು ಇಲ್ಲಿ ಎಂದೂ ಬರೀ ನಾಯಿಯ ವಿಷಯವಾಗಿರಲಿಲ್ಲ. ಇಂದಿನ ಕೊಳದ ಬಾಗಿಲಲ್ಲಿ ಜಾತಿ ಕೇಳುವುದಿಲ್ಲ, ಲಸಿಕೆಯ ಕಾರ್ಡು ಮತ್ತು ದುಡ್ಡು ಕೇಳುತ್ತಾರೆ. ಲಸಿಕೆ ಕೇಳುವುದು ನ್ಯಾಯವೇ. ಒಳಗೆ ನಾಯಿಗಳಿಗೆ ಶಾಂಪೂ ಹಾಕಿ, ತುಪ್ಪಳ ಒಣಗಿಸಿ, ಕೊಳದ ಕೂದಲು ಬಾಚುವ ಹುಡುಗ ಯಾರು, ಅವನ ಮನೆಗೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ವಿಡಿಯೋದಲ್ಲಿ ತಿಳಿಯುವುದಿಲ್ಲ. ಹೊರಗೆ ಉಳಿದ ನಾಯಿಗಳ ಸಂಖ್ಯೆಯೂ ಸಣ್ಣದಲ್ಲ. 2023ರ ಪಾಲಿಕೆಯ ಗಣತಿಯ ಪ್ರಕಾರ ಬೆಂಗಳೂರಿನ ಬೀದಿನಾಯಿಗಳು ಸುಮಾರು 2.79 ಲಕ್ಷ. ಅವುಗಳ ಬೇಸಿಗೆ ನಿಲ್ಲಿಸಿದ ಕಾರಿನ ಅಡಿಯಲ್ಲಿ, ಟ್ಯಾಂಕರಿನಿಂದ ಸೋರಿದ ನೀರಿನ ಗುಂಡಿಯಲ್ಲಿ ಕಳೆಯುತ್ತದೆ.

ಚಂದ್ರಾ ಲೇಔಟಿನ ಹಲವು ಗೇಟುಗಳ ಮುಂದೆ ಸಿಮೆಂಟಿನ ಬಾನಿಯಲ್ಲಿ ಈ ನಾಯಿಗಳಿಗೆಂದು ನೀರಿಟ್ಟಿರುತ್ತಾರೆ. ಬೆಳಗ್ಗೆ ಪಾತ್ರೆ ತೊಳೆಯುವಾಗ ಮರೆಯದೆ ಅದನ್ನೂ ಉಜ್ಜಿ ತುಂಬುವ ಮನೆಯೊಡತಿಯರನ್ನು ನೀವೂ ಕಂಡಿರಬಹುದು. ಅದರ ವಿಡಿಯೋವನ್ನು ಯಾರೂ ಮಾಡುವುದಿಲ್ಲ. ನಾಯಿ ಬಂದು ಕುಡಿಯುವುದು ಯಾರೂ ಇಲ್ಲದಾಗ. ಕುಡಿದು, ಒಮ್ಮೊಮ್ಮೆ ಎರಡು ಮುಂಗಾಲುಗಳನ್ನು ಬಾನಿಯೊಳಗೆ ಇಟ್ಟು ನಿಂತುಕೊಳ್ಳುತ್ತದೆ. ಪಾದದಿಂದಲೇ ಬೆವರುವ ಪ್ರಾಣಿಗೆ ಪಾದ ತಂಪಾದರೆ ಏನು ಸುಖವೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಕರೆಯುವವರಿಲ್ಲದ, ನೋಡುವವರಿಲ್ಲದ ಆ ನಿಲುವಿನಲ್ಲಿ ನಾಯಿ ನೀರಿಗೆ ಬಂದದ್ದು ನೀರಿಗಾಗಿಯೇ ಎಂಬುದರಲ್ಲಿ ಅನುಮಾನವಿಲ್ಲ. ನನ್ನ ಪ್ರಶ್ನೆಗೆ ನೇರ ಉತ್ತರ ಸಿಗುವುದು ಅಲ್ಲಿ.

ಸಾಕುನಾಯಿಯ ವಿಷಯದಲ್ಲಿ ಅಂಥ ಖಚಿತತೆ ಪಡೆಯಲು ಒಡೆಯನೇ ಕೊಂಚ ಹಿಂದೆ ಸರಿಯಬೇಕು. ನೀರಿನೊಳಗೆ ನಿಂತು ಕರೆಯುವ ಬದಲು ದಡದಲ್ಲಿ ಕೂತು ಕಾಯಬೇಕು. ಆಳವಿಲ್ಲದ ಕಡೆ ಮೆಟ್ಟಿಲಿದ್ದರೆ ನಾಯಿ ತಾನೇ ಒಂದು ಕಾಲಿಡುತ್ತದೆ, ತೆಗೆಯುತ್ತದೆ, ಮೂಸುತ್ತದೆ, ಮತ್ತೆ ಇಡುತ್ತದೆ. ಹೊಟ್ಟೆಯ ತನಕ ಇಳಿದು ಅಲ್ಲೇ ನಿಂತು ಸಾಕೆಂದರೆ ಅಷ್ಟೇ. ಚೆಂಡಿನ ಹಿಂದೆ ಹೋಗಿ ಹೋಗಿ ನೀರು ನುಂಗುವ ನಾಯಿಗೆ ‘ಸಾಕು’ ಎನ್ನಬೇಕಾದವನೂ ಒಡೆಯನೇ. ಮಿತಿಮೀರಿ ನೀರು ಹೊಟ್ಟೆಗೆ ಹೋದರೆ ರಕ್ತದ ಸೋಡಿಯಂ ಇಳಿದು ಜೀವಕ್ಕೆ ಕುತ್ತು ಬರುತ್ತದೆ. ಕರೆಯದೆ ಇರುವುದು ಹೇಗೋ, ನಿಲ್ಲಿಸುವುದೂ ಹಾಗೆಯೇ. ಎರಡಕ್ಕೂ ನಾಯಿಯನ್ನು ಕಣ್ಣಿಟ್ಟು ನೋಡುತ್ತಿರಬೇಕು. ಫೋನಿನ ಪರದೆಯ ಮೂಲಕ ನೋಡಿದರೆ ಆಗುವುದಿಲ್ಲ.

ಬರೆಯುವವರಿಗೂ ಇದೇ ಮಾತು ಹೇಳಬಹುದು. ಆತಕೂರಿನ ಕಲ್ಲು ನಾಯಿಗೆ ಹೆಸರು ಕೊಟ್ಟಿತು, ಕುವೆಂಪು ಅದರ ಪಾಡನ್ನು ಕೊಟ್ಟರು, ತೇಜಸ್ವಿ ಅದರ ಸ್ವಭಾವವನ್ನು ಕೊಟ್ಟರು, ಚಾರ್ಲಿಯ ಚಿತ್ರ ಅದರ ಬಯಕೆಯನ್ನು ಗುರುತಿಸಿತು. ಅದರ ಆಟ ಮಾತ್ರ ಇನ್ನೂ ಬಾಕಿಯಿದೆ. ಚಂದ್ರಾ ಲೇಔಟಿನಿಂದ ಹೊರಟ ಒಂದು ನಾಯಿ ಬೇಸಿಗೆಯ ಮಧ್ಯಾಹ್ನ ತನ್ನಿಷ್ಟದಿಂದ ನೀರಿಗಿಳಿದು, ಮೂಗು ಮೇಲಿಟ್ಟು ಗುರುಗುಟ್ಟುತ್ತ ಎರಡು ಸುತ್ತು ಹಾಕಿ, ದಡ ಹತ್ತಿ, ಮೈ ಕೊಡವಿ, ಯಾರೂ ಸಾಯದೆ ಯಾರೂ ಉದ್ಧಾರವಾಗದೆ ಮನೆಗೆ ಬಂದು ಮಲಗುವ ಬರಹ. ಆ ನೀರು ಎಲ್ಲಿಂದ ಬಂತೆಂದು ಅದರಲ್ಲಿ ಒಂದು ಸಾಲಾದರೂ ಇರಲಿ, ಗೇಟಿನ ಹೊರಗಿನ ಬಾನಿಯೂ ಒಂದು ಕಡೆ ಕಾಣಲಿ. ಅಂಥದೊಂದನ್ನು ಯಾರಾದರೂ ಬರೆದರೆ ಓದಲು ನಾನು ಕಾಯುತ್ತಿದ್ದೇನೆ. ಬೇಸಿಗೆ ಇನ್ನೂ ಮುಗಿದಿಲ್ಲ.